ಕಲಬುರಗಿ ಬಿಸಿಲಿಗೆ ಫಾಯಿಲ್ ಶೀಟ್ ಹಾಕಿಸಿದರೆ ಕರೆಂಟ್ ಬಿಲ್ ಇಳಿಯುತ್ತಾ?

ನೀವು ಕೇಳಿದ್ದು ಇಷ್ಟು: ಮನೆ ಕಲಬುರಗಿಯಲ್ಲಿ, ಕೆಳಗೆ ಆರ್‌ಸಿಸಿ, ಅದರ ಮೇಲೆ ತಗಡಿನ ಶೀಟ್ ಹಾಕಿದ ಒಂದು ರೂಮು. ಅಮೆರಿಕದವರು ಅಟ್ಟದೊಳಗೆ ಹೊಳೆಯುವ ಫಾಯಿಲ್ ಹೊಡೆಯುವ ವಿಡಿಯೋ ನೋಡಿದ್ದೀರಿ, ಇಲ್ಲೂ ಅದು ಕೆಲಸ ಮಾಡುತ್ತಾ, ಎಸಿ ಬಿಲ್ ಇಳಿಯುತ್ತಾ ಅಂತ. ತಗಡಿನ ರೂಮಿಗೆ ಹಾಕಿಸಿ, ಫರಕ್ ಗೊತ್ತಾಗುತ್ತದೆ. ಆರ್‌ಸಿಸಿ ಮೇಲೆ ಹಾಸೋಕೆ ಹೋಗಬೇಡಿ, ದುಡ್ಡು ದಂಡ.

ಯಾಕೆ ಅಂತ ನೀವೇ ನೋಡಬಹುದು. ಮಧ್ಯಾಹ್ನ ಮೂರು ಗಂಟೆಗೆ ಆ ರೂಮಿನಲ್ಲಿ ಸ್ಟೂಲ್ ಹತ್ತಿ ತಗಡಿನ ಹತ್ತಿರ ಅಂಗೈ ಹಿಡಿಯಿರಿ. ಮುಟ್ಟದಿದ್ದರೂ ಚುರುಗುಟ್ಟುತ್ತದೆ. ಈಗ ಚಪಾತಿ ಸುತ್ತುವ ಫಾಯಿಲ್ ಒಂದು ತುಂಡನ್ನು ಕೈಗೂ ತಗಡಿಗೂ ನಡುವೆ, ಎರಡಕ್ಕೂ ತಾಗದ ಹಾಗೆ ಹಿಡಿಯಿರಿ. ಬಿಸಿ ಅಲ್ಲೇ ನಿಂತುಬಿಡುತ್ತದೆ. ಕಾದ ತಗಡು ಕೆಳಗೆ ಬೀರುವ ಶಾಖದಲ್ಲಿ ನೂರಕ್ಕೆ 95ರಷ್ಟನ್ನು ಹೊಳೆಯುವ ಅಲ್ಯೂಮಿನಿಯಂ ವಾಪಸ್ ಕಳಿಸುತ್ತದೆ. ತಾನು ಬಿಸಿಯಾದರೂ ಆಚೆ ಬೀರುವುದು ತೀರಾ ಕಡಿಮೆ. ಆದರೆ ಒಂದೇ ಷರತ್ತು, ಫಾಯಿಲ್‌ನ ಹೊಳೆಯುವ ಮುಖದ ಎದುರು ಖಾಲಿ ಜಾಗ ಇರಲೇಬೇಕು, ಒಂದು ಇಂಚಾದರೂ. ಎರಡೂ ಕಡೆ ಏನಾದರೂ ಒತ್ತಿಕೊಂಡು ಕೂತರೆ ಶಾಖ ಅದರ ಮೂಲಕವೇ ದಾಟಿ ಹೋಗುತ್ತದೆ, ಅಡುಗೆ ಪಾತ್ರೆಯನ್ನು ಅಲ್ಯೂಮಿನಿಯಂನಲ್ಲಿ ಮಾಡುವುದೇ ಅದಕ್ಕಲ್ವಾ? ಹಾಗಾಗಿ ಮಾಳಿಗೆ ಮೇಲೆ ಫಾಯಿಲ್ ಹಾಸಿ, ಅದರ ಮೇಲೆ ಸಿಮೆಂಟ್ ಎಳೆದು ಟೈಲ್ಸ್ ಕೂರಿಸುತ್ತೇವೆ ಅಂತ ಯಾರಾದರೂ ಬಂದರೆ ಚಹಾ ಕುಡಿಸಿ ಕಳಿಸಿ.

ತಗಡಿನ ರೂಮಿಗೆ ಶೀಟ್ ಬಿಚ್ಚೋದು ಬೇಡ. ತಗಡಿಗೆ ಆಧಾರ ಕೊಟ್ಟ ಕಬ್ಬಿಣದ ಪೈಪ್ ಇರುತ್ತವಲ್ಲ, ಅವುಗಳ ಕೆಳಮುಖಕ್ಕೆ ಫಾಯಿಲ್ ಎಳೆದು ಸ್ಕ್ರೂ ಹೊಡೆಸಿ. ಪೈಪಿನ ದಪ್ಪವೇ ಬೇಕಾದ ಅಂತರ ಕೊಡುತ್ತದೆ. ಅಂಗಡಿಯಲ್ಲಿ ಗುಳ್ಳೆ ಗುಳ್ಳೆ ಇರುವ ಬಬಲ್ ಶೀಟ್ ತೋರಿಸುತ್ತಾರೆ, ತಗೊಳ್ಳಿ, ಹರಿಯುವುದು ಕಡಿಮೆ. ಆದರೆ ಗುಳ್ಳೆಯೊಳಗಿನ ಗಾಳಿಯೇ ಸಾಕು ಅಂತ ತಗಡಿಗೆ ಅಂಟಿಸಲು ಬಿಡಬೇಡಿ, ಆ ಗುಳ್ಳೆ ಕೆಲವೇ ಮಿಲಿಮೀಟರ್. ಒಂದೇ ಮುಖ ಹೊಳೆಯುವ ಶೀಟ್ ಸಿಕ್ಕರೆ ಹೊಳಪು ಕೆಳಗಿರಲಿ. ಮೇಲಿದ್ದರೆ ನಮ್ಮೂರ ಧೂಳು ಕೂತು ವರ್ಷ ಒಪ್ಪತ್ತಿನಲ್ಲಿ ಹೊಳಪೇ ಹೋಗುತ್ತದೆ, ಹೊಳಪು ಹೋದ ಫಾಯಿಲ್ ಬರೀ ಹಾಳೆ. ಪಿಒಪಿ ಸೀಲಿಂಗ್ ಮಾಡಿಸುವ ಯೋಚನೆ ಇದ್ದರೆ ಮೊದಲು ಫಾಯಿಲ್, ಒಂದಷ್ಟು ಜಾಗ ಬಿಟ್ಟು ಆಮೇಲೆ ಪಿಒಪಿ. ಎರಡು ಗೋಡೆಗಳ ತುದಿಯಲ್ಲಿ, ತಗಡಿನ ಸಂದಿಯಲ್ಲಿ, ಕಾದ ಗಾಳಿ ಹೋಗಲು ದಾರಿ ಇರಲಿ, ಅಲ್ಲಿ ಬೇಕಾದರೆ ಜಾಲರಿ ಹಾಕಿಸಿ, ಇಲ್ಲದಿದ್ದರೆ ಪಾರಿವಾಳ ಸಂಸಾರ ಹೂಡುತ್ತವೆ.

ಇನ್ನು ಬಿಲ್ ವಿಷಯ. ಬಿಸಿಲು ಜಾಸ್ತಿ ಇರುವ ಕಡೆ ಅಟ್ಟದಲ್ಲಿ ಫಾಯಿಲ್ ಹಾಕಿದರೆ ತಂಪಿನ ಖರ್ಚು ಶೇ 5ರಿಂದ 10ರಷ್ಟು ಇಳಿಯಬಹುದು ಅಂತ ಅಮೆರಿಕದ ಇಂಧನ ಇಲಾಖೆಯೇ ಹೇಳುತ್ತದೆ. ಅರ್ಧಕ್ಕರ್ಧ ಉಳಿತಾಯ ಅನ್ನೋದೆಲ್ಲ ಮಾರುವವರ ಮಾತು. ಆದರೆ ಅವರ ಅಟ್ಟದಲ್ಲಿ ಮೊದಲೇ ದಪ್ಪ ಹೊದಿಕೆ ಇರುತ್ತದೆ, ನಮ್ಮ ತಗಡಿಗೆ ಏನೂ ಇಲ್ಲ, ಹಾಗಾಗಿ ಆ ಒಂದು ರೂಮಿನಲ್ಲಿ ನಿಮಗೆ ಅದಕ್ಕಿಂತ ಜಾಸ್ತಿ ಫರಕ್ ಕಾಣಬೇಕು. ಗೃಹಜ್ಯೋತಿ ಇದೆ ಅಲ್ವಾ, 2023ರ ಆಗಸ್ಟ್‌ನಲ್ಲಿ ನಮ್ಮೂರಲ್ಲೇ ಉದ್ಘಾಟನೆ ಆಗಿದ್ದು? ಅದರಲ್ಲಿ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಏಪ್ರಿಲ್, ಮೇನಲ್ಲಿ ಎಸಿ ಹಾಕಿ ನೀವು ಅದರ ಆಸುಪಾಸಿನಲ್ಲಿದ್ದರೆ ಹತ್ತು ಯೂನಿಟ್ ಉಳಿದರೂ ಲಾಭವೇ. ನನ್ನನ್ನು ಕೇಳಿದರೆ ಫಾಯಿಲ್ ಹಾಕಿಸಿ, ಕಿಟಕಿಗೆ ಕೂಲರ್ ಇಟ್ಟು ನೋಡಿ. ನಮ್ಮ ಒಣ ಬಿಸಿಲಿಗೆ ಕೂಲರ್ ಚೆನ್ನಾಗಿ ಒಗ್ಗುತ್ತದೆ, ಕರೆಂಟ್ ಎಸಿಗಿಂತ ಎಷ್ಟೋ ಕಡಿಮೆ.

ಆರ್‌ಸಿಸಿ ಭಾಗಕ್ಕೆ ಬೇರೆ ಔಷಧಿ. ಅದು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಕಕ್ಕುತ್ತದೆ, ಆದ್ದರಿಂದ ಕುಡಿಯದ ಹಾಗೆ ಮೇಲಿನಿಂದಲೇ ತಡೆಯಬೇಕು. ಬಿಳಿ ಸುಣ್ಣ ಅಗ್ಗ, ಆದರೆ ಮಳೆಗೆ ತೊಳೆದು ಹೋಗುತ್ತದೆ, ಪ್ರತಿ ವರ್ಷ ಯುಗಾದಿಗೆ ಮುಂಚೆ ಹೊಡೆಸಬೇಕು. ಬಿಸಿಲನ್ನು ವಾಪಸ್ ಕಳಿಸುವ ಕೂಲ್ ರೂಫ್ ಪೇಂಟ್ ಅಥವಾ ಬಿಳಿ ಚೀನಾ ಮೊಸಾಯಿಕ್, ಅಂದರೆ ಒಡೆದ ಬಿಳಿ ಟೈಲ್ಸ್ ಚೂರುಗಳ ಹಾಸು, ಬಾಳಿಕೆ ಬರುತ್ತದೆ. ಪಕ್ಕದ ತೆಲಂಗಾಣ 2023ರಲ್ಲಿ ಕೂಲ್ ರೂಫ್ ನೀತಿಯನ್ನೇ ತಂದಿದೆ. ಬೇಸಿಗೆಯಲ್ಲಿ ಸರ್ಕಾರಿ ಆಫೀಸನ್ನೇ ಬೆಳಿಗ್ಗೆ 8ಕ್ಕೆ ತೆಗೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ನಮ್ಮ ಕಡೆ ಮಾಳಿಗೆಗಳು ಇನ್ನೂ ಕರ್ರಗೆ ಇವೆ. ತಗಡಿನ ಮೇಲ್ಮೈಗೂ ಬಿಳಿ ಪೇಂಟ್ ಹೊಡೆಸಿ, ಸಿಲ್ವರ್ ಬೇಡ, ಸಿಲ್ವರ್ ಪೇಂಟ್ ಹೀರಿದ ಶಾಖವನ್ನು ಬಿಳಿಯಷ್ಟು ಬೇಗ ಹೊರಗೆ ಬಿಡುವುದಿಲ್ಲ.

ವೈರಿಂಗ್ ಮಾತ್ರ ನೋಡಿಕೊಳ್ಳಿ. ಫಾಯಿಲ್‌ನಲ್ಲಿ ಕರೆಂಟ್ ಹರಿಯುತ್ತದೆ, ಪೈಪ್ ಪಕ್ಕ ಸುಮ್ನೆ ಎಳೆದ ಹಳೇ ವೈರಿಗೆ ಸ್ಕ್ರೂ ತಾಗಿದರೆ ಚಾವಣಿಯೇ ಶಾಕ್ ಹೊಡೆಯುತ್ತದೆ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ವೈರನ್ನು ಪಿವಿಸಿ ಪೈಪಿನೊಳಗೆ ಹಾಕಿಸಿ, ಕೆಲಸದ ಹೊತ್ತಿಗೆ ಮೇನ್ ಆಫ್ ಮಾಡಿ. ಫೆಬ್ರವರಿಯಲ್ಲೇ ಮುಗಿಸಿಕೊಳ್ಳಿ, ಮಾರ್ಚ್ ಮುಗಿದ ಮೇಲೆ ತಗಡಿನ ಕೆಳಗೆ ಏಣಿ ಹತ್ತಲು ಯಾರೂ ಬರಲ್ಲ, ಬಂದರೂ ಸಂಜೆ ಐದರ ಮೇಲೇ ಬರೋದು.