ಕ್ರೇವಾ ಕೋಟೆಯನ್ನು ಕೆಡವಿದವರು ಯಾರು?

ಹಾಸನದ ಓದುಗರಿಗೆ, ನಮಸ್ಕಾರ.

ಮಿನ್ಸ್ಕ್‌ನಲ್ಲಿ ವೈದ್ಯಕೀಯ ಓದುತ್ತಿರುವ ನಿಮ್ಮ ಮಗಳು ರಜೆಯಲ್ಲಿ ಕ್ರೇವಾ ಎಂಬ ಹಳ್ಳಿಗೆ ಹೋಗಿ, ಮುರಿದ ಕೋಟೆಗೋಡೆಯ ಫೋಟೊ ಕಳಿಸಿದ್ದಾಳೆ ಎಂದು ಬರೆದಿದ್ದೀರಿ. ಎರಡು ಪ್ರಶ್ನೆಗಳನ್ನೂ ಕೇಳಿದ್ದೀರಿ. ದೊಡ್ಡ ರಾಜ್ಯಗಳ ಹಣೆಬರಹ ಇಷ್ಟು ಸಣ್ಣ ಊರಿನಲ್ಲಿ ತೀರ್ಮಾನವಾದದ್ದು ನಿಜವೇ? ನಿಜವಾದರೆ ಅಂಥ ಕೋಟೆಯನ್ನು ಅಲ್ಲಿನವರು ಹೀಗೇಕೆ ಹಾಳುಬಿಟ್ಟರು?

ಮೊದಲನೆಯದಕ್ಕೆ ಉತ್ತರ, ಹೌದು. ಎರಡನೆಯ ಪ್ರಶ್ನೆಯಲ್ಲಿರುವ ದೂರು ಮಾತ್ರ ಆ ಊರಿನವರಿಗೆ ಸಲ್ಲುವಂಥದ್ದಲ್ಲ. ಅದಕ್ಕಾಗಿಯೇ ಈ ಉತ್ತರ ಸ್ವಲ್ಪ ಉದ್ದವಾಗಿದೆ.

ಕ್ರೇವಾ ಇರುವುದು ಬೆಲಾರುಸ್‌ನ ವಾಯವ್ಯಕ್ಕೆ, ಗ್ರೋದ್ನೊ ಪ್ರಾಂತ್ಯದ ಸ್ಮರ್ಗೋನ್ ಜಿಲ್ಲೆಯಲ್ಲಿ. ಲಿಥುವೇನಿಯಾದ ಗಡಿ ಅಲ್ಲಿಂದ ದೂರವಿಲ್ಲ. ಇಂದು ಅಲ್ಲಿರುವುದು ಕೆಲವೇ ನೂರು ಜನ. 14ನೇ ಶತಮಾನದಲ್ಲಿ ಅದು ಲಿಥುವೇನಿಯಾ ಮಹಾಸಂಸ್ಥಾನವನ್ನು ಆಳುತ್ತಿದ್ದ ಮನೆತನದ ಸ್ವಂತ ಆಸ್ತಿಯಾಗಿತ್ತು. ದೊರೆ ಗೆದಿಮಿನ್ ಅದನ್ನು ಮಗ ಅಲ್ಗೇರ್ದ್‌ಗೆ ಕೊಟ್ಟಿದ್ದ. ಅಲ್ಲಿನ ಕೋಟೆ ಬೆಟ್ಟದ ಮೇಲಿಲ್ಲ, ತಗ್ಗಿನ ಜೌಗುನೆಲದಲ್ಲಿದೆ. ಕಾಡುಗಲ್ಲು ಮತ್ತು ದೊಡ್ಡ ಇಟ್ಟಿಗೆಗಳಿಂದ ಕಟ್ಟಿದ, ಹನ್ನೆರಡು ಮೀಟರಿಗೂ ಎತ್ತರದ ಗೋಡೆ ಅಂಕುಡೊಂಕಾದ ಒಂದು ಚೌಕವನ್ನು ಸುತ್ತುವರಿದಿತ್ತು. ಒಂದು ಮೂಲೆಯಲ್ಲಿ ರಾಜಪರಿವಾರ ವಾಸಿಸುತ್ತಿದ್ದ ಗೋಪುರವಿತ್ತು.

ಆ ಊರಿನ ಕಥೆ ನಮ್ಮ ಜನಕ್ಕೆ ಚೆನ್ನಾಗಿ ಅರ್ಥವಾಗುವ ದಾಯಾದಿ ಜಗಳದ ಕಥೆ. 1377ರಲ್ಲಿ ಅಲ್ಗೇರ್ದ್ ತೀರಿಕೊಂಡ. ಮಗ ಯಗೈಲಾ ಪಟ್ಟಕ್ಕೆ ಬಂದ. ಚಿಕ್ಕಪ್ಪ ಕೇಸ್ತುತ್‌ಗೂ ಅವನಿಗೂ ಹೊಂದಾಣಿಕೆಯಾಗಲಿಲ್ಲ. 1381ರಲ್ಲಿ ಚಿಕ್ಕಪ್ಪ ರಾಜಧಾನಿಯನ್ನೇ ಕಸಿದುಕೊಂಡ, ಮರುವರ್ಷ ಯಗೈಲಾ ಅದನ್ನು ಮರಳಿ ಪಡೆದ. ಸಂಧಾನಕ್ಕೆಂದು ಬಂದ ಕೇಸ್ತುತ್‌ನನ್ನು ಸೆರೆಹಿಡಿದು ಕ್ರೇವಾಕ್ಕೆ ತಂದರು. ಕೆಲವೇ ದಿನಗಳಲ್ಲಿ ಅವನು ಅಲ್ಲಿ ಹೆಣವಾಗಿ ಸಿಕ್ಕ. ಆತ್ಮಹತ್ಯೆ ಎಂದು ಯಗೈಲಾನ ಕಡೆಯವರು ಸಾರಿದರು. ನಂಬಿದವರು ಕಡಿಮೆ. ಅದೇ ಕೋಟೆಯಲ್ಲಿ ಸೆರೆಯಲ್ಲಿದ್ದ ಕೇಸ್ತುತ್‌ನ ಮಗ ವಿತೌತ್, ಹೆಂಡತಿ ಆನ್ನಾಳ ನೆರವಿನಿಂದ ಹೆಣ್ಣಿನ ಉಡುಪು ತೊಟ್ಟು ಕಾವಲುಗಾರರ ಕಣ್ತಪ್ಪಿಸಿ ಪಾರಾದ.

ಮೂರು ವರ್ಷ ಕಳೆದ ಮೇಲೆ, 1385ರ ಆಗಸ್ಟ್ 14ರಂದು, ಅದೇ ಕ್ರೇವಾದಲ್ಲಿ ಯಗೈಲಾ ಪೋಲೆಂಡಿನ ರಾಯಭಾರಿಗಳಿಗೆ ಒಂದು ವಚನಪತ್ರ ಕೊಟ್ಟ. ತಾನು ಕ್ಯಾಥೊಲಿಕ್ ಮತಕ್ಕೆ ಸೇರುವೆ, ಪೋಲೆಂಡಿನ ಎಳೆಯ ರಾಣಿ ಯಾದ್ವಿಗಾಳನ್ನು ಮದುವೆಯಾಗುವೆ, ತನ್ನ ನಾಡನ್ನು ಪೋಲೆಂಡಿನ ಕಿರೀಟದೊಂದಿಗೆ ಜೋಡಿಸುವೆ. ಯಾದ್ವಿಗಾಳಿಗೆ ಮೊದಲೇ ನಿಶ್ಚಯವಾಗಿದ್ದ ಆಸ್ಟ್ರಿಯಾದ ವಿಲ್ಹೆಲ್ಮ್‌ಗೆ ಸಂಬಂಧ ಮುರಿದದ್ದಕ್ಕೆ 2,00,000 ಫ್ಲೋರಿನ್ (ಆ ಕಾಲದ ಚಿನ್ನದ ನಾಣ್ಯ) ಕೊಡುವೆ ಎಂಬ ಮಾತೂ ಅದರಲ್ಲಿದೆ. ಪತ್ರಕ್ಕೆ ಒಪ್ಪಿಗೆ ಕೊಟ್ಟ ರಾಜಕುಮಾರರಲ್ಲಿ ವಿತೌತ್ ಕೂಡ ಒಬ್ಬ! ತಂದೆ ಸತ್ತ ಕೋಟೆ ಅದು, ತಾನು ವೇಷ ಮರೆಸಿ ಓಡಿದ ಕೋಟೆಯೂ ಅದೇ. ಅಲ್ಲಿಯೇ ದಾಯಾದಿಯ ಮಾತಿಗೆ ಅವನು ದನಿಗೂಡಿಸಬೇಕಾಯಿತು. ಕ್ರೇವಾದ ಚರಿತ್ರೆಯಲ್ಲಿ ನನ್ನನ್ನು ಬಹಳವಾಗಿ ಕಾಡುವ ಸಂಗತಿ ಇದು. ಮುಂದೆ 1410ರ ಗ್ರುನ್ವಾಲ್ಡ್ ಯುದ್ಧದಲ್ಲಿ ಇಬ್ಬರೂ ಒಟ್ಟಾಗಿ ಟ್ಯೂಟನಿಕ್ ಪಂಗಡ ಎಂಬ ಜರ್ಮನ್ ಧರ್ಮಯೋಧರ ಪಡೆಯನ್ನು ಸೋಲಿಸಿದರು. ಕ್ರೇವಾದಲ್ಲಿ ಶುರುವಾದ ನಂಟು 1569ರಲ್ಲಿ ಒಂದೇ ಸಂಯುಕ್ತ ರಾಜ್ಯವಾಗಿ ಗಟ್ಟಿಗೊಂಡು, ಆ ರಾಜ್ಯ 1795ರವರೆಗೆ ಬಾಳಿತು.

ಆಮೇಲೆ ಊರು ನಿಧಾನವಾಗಿ ಬದಿಗೆ ಸರಿಯಿತು. ರಷ್ಯಾದ ಇವಾನ್ ದೊರೆಯ ಭಯಕ್ಕೆ 1564ರಲ್ಲಿ ಓಡಿಬಂದ ಕುರ್ಬ್‌ಸ್ಕಿ ಎಂಬ ಸರದಾರನಿಗೆ ಕ್ರೇವಾವನ್ನು ಬಿಟ್ಟುಕೊಟ್ಟಿದ್ದರು. ಅದರ ನಂತರದ ಶತಮಾನಗಳಲ್ಲಿ ಅಲ್ಲಿ ಹೇಳುವಂಥದ್ದು ಹೆಚ್ಚೇನೂ ನಡೆಯಲಿಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಕೋಟೆ ಮೊದಲೇ ಹಳೆಯದಾಗಿ ಶಿಥಿಲವಾಗಿತ್ತು, ನಿಜ. ಆದರೆ ಅದನ್ನು ಇಂದಿನ ಸ್ಥಿತಿಗೆ ತಂದದ್ದು ಮೊದಲ ಮಹಾಯುದ್ಧ. 1915ರ ಶರತ್ಕಾಲದಲ್ಲಿ ಜರ್ಮನ್ ಮತ್ತು ರಷ್ಯನ್ ಸೇನೆಗಳ ಮುಂಚೂಣಿ ಸರಿಯಾಗಿ ಇಲ್ಲಿಗೇ ಬಂದು ನಿಂತಿತು, ಎರಡು ವರ್ಷಕ್ಕೂ ಹೆಚ್ಚು ಕಾಲ ಕದಲಲಿಲ್ಲ. ಕೋಟೆ ಜರ್ಮನ್ನರ ಕೈಯಲ್ಲಿತ್ತು. ಅದರೊಳಗೇ ಅವರು ಕಾಂಕ್ರೀಟ್ ಅಡಗುದಾಣಗಳನ್ನು ಕಟ್ಟಿದರು. ಎದುರಿನಿಂದ ರಷ್ಯನ್ ಫಿರಂಗಿಗಳು ಗೋಡೆಗೆ ಗುರಿಯಿಟ್ಟವು. 1917ರ ಜುಲೈ ದಾಳಿಯಲ್ಲಂತೂ ಗುಂಡಿನ ಮಳೆಯೇ ಸುರಿಯಿತು. ರಷ್ಯನ್ ಸೇನೆಯ ಮರಿಯಾ ಬೊಚ್ಕರ್ಯೋವಾಳ ಮಹಿಳಾ ಪಡೆ ಕಾದಾಡಿದ್ದು ಈ ಸೀಮೆಯಲ್ಲೇ. ಐದು ಶತಮಾನಗಳ ಮಳೆ, ಹಿಮ ಮತ್ತು ಮುತ್ತಿಗೆಗಳನ್ನು ತಾಳಿಕೊಂಡ ಗೋಡೆಗೆ ಆ ಎರಡು ವರ್ಷ ವಿಪರೀತವಾದವು. ಹಾಗಾಗಿ ಅದನ್ನು ಊರಿನವರು ಹಾಳುಬಿಟ್ಟರು ಎನ್ನಬೇಡಿ. ಊರಿನವರೂ ಆ ಯುದ್ಧದಲ್ಲಿ ಮನೆಮಠ ಕಳೆದುಕೊಂಡವರೇ. 1929ರಲ್ಲಿ, ಆ ಭಾಗ ಪೋಲೆಂಡಿನ ಆಡಳಿತದಲ್ಲಿದ್ದಾಗ, ಉಳಿದ ಗೋಡೆ ಬೀಳದಂತೆ ಒಂದಿಷ್ಟು ಭದ್ರಪಡಿಸಿದರು. ಈಚಿನ ವರ್ಷಗಳಲ್ಲಿ ಮೂಲೆಯ ಗೋಪುರವನ್ನು ಮತ್ತೆ ಎಬ್ಬಿಸುವ ಕೆಲಸ ಕೈಗೊಂಡಿದ್ದಾರೆ. ಗೋಪುರ ಎದ್ದರೆ ಸಂತೋಷವೇ. ಆದರೆ ಗುಂಡಿನೇಟು ತಿಂದ ಗೋಡೆಗಳಿಗೂ ಹೊಸ ಇಟ್ಟಿಗೆಯ ಹೊದಿಕೆ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. 1385 ಎಷ್ಟು ಸತ್ಯವೋ 1917 ಕೂಡ ಅಷ್ಟೇ ಸತ್ಯ, ಅದೂ ಅಲ್ಲಿ ಕಾಣಬೇಕು.

ಮಗಳು ಮತ್ತೊಮ್ಮೆ ಹೋದರೆ ಕೋಟೆಗಷ್ಟೇ ನಿಲ್ಲುವುದು ಬೇಡ. ಸುತ್ತಲಿನ ಹೊಲಗಳಲ್ಲಿ ಜರ್ಮನ್ ಕಾಂಕ್ರೀಟ್ ಅಡಗುದಾಣಗಳು ಇನ್ನೂ ಇವೆ. ಅಲೆಕ್ಸಾಂದರ್ ನೆವ್‌ಸ್ಕಿ ಹೆಸರಿನ, 19ನೇ ಶತಮಾನದ ಆರ್ಥೊಡಾಕ್ಸ್ ಚರ್ಚಿದೆ. ಕ್ಯಾಥೊಲಿಕ್ ಚರ್ಚಿನ ಕಟ್ಟಡ ಹೊಸದು, ಆದರೆ ಅಲ್ಲಿನ ಪ್ಯಾರಿಷ್ ಅನ್ನು, ಅಂದರೆ ಒಂದು ಚರ್ಚಿಗೆ ಸೇರಿದ ಭಕ್ತರ ವಲಯವನ್ನು, 1387ರಲ್ಲಿ ಸ್ಥಾಪಿಸಿದವನು ಯಗೈಲಾನೇ. ಕೊಟ್ಟ ಮಾತಿನಂತೆ ಮತಾಂತರಗೊಂಡು, ತನ್ನ ನಾಡಿನಲ್ಲಿ ಅವನು ಮೊದಮೊದಲು ತೆರೆದ ಪ್ಯಾರಿಷ್‌ಗಳಲ್ಲಿ ಅದೂ ಒಂದು.

ಸಮಯವಿದ್ದರೆ ಹತ್ತಿರದ ಗಾಲ್ಶಾನಿಗೂ ಹೋಗಿಬರಲಿ. ಅಲ್ಲಿನ ರಾಜಮನೆತನದ ಸೋಫಿಯಾಳನ್ನು ಯಗೈಲಾ 1422ರಲ್ಲಿ, ಮುಪ್ಪಿನಲ್ಲಿ, ನಾಲ್ಕನೆಯ ಮಡದಿಯಾಗಿ ವರಿಸಿದ. ಯಾದ್ವಿಗಾಳಿಂದ ಅವನಿಗೆ ವಾರಸುದಾರರು ಉಳಿಯಲಿಲ್ಲ. ಪೋಲೆಂಡನ್ನು ಮುಂದೆ ಆಳಿದ ಯಗೈಲಾ ವಂಶದ ದೊರೆಗಳೆಲ್ಲ ಈ ಸೋಫಿಯಾಳ ಸಂತತಿ.

— ಸಂಪಾದಕ