ಲೇಸರ್ ಬೆಳಕಿನಲ್ಲಿ ದೂರದ ಮಾತು

ಪ್ರಶ್ನೆ: ಲೇಸರ್ ಪಾಯಿಂಟರ್‌ನ ಬೆಳಕಿನ ಮೂಲಕ ಬಯಲಿನಲ್ಲಿ ಧ್ವನಿ ಕಳಿಸುವ ಪ್ರಯೋಗ ಮಾಡುತ್ತಿದ್ದೇವೆ. ದೂರ ಹೆಚ್ಚಿದಂತೆ ಮಾತು ತುಂಡು ತುಂಡಾಗಿ ಕೇಳಿಸುತ್ತದೆ. ಹೆಚ್ಚು ಶಕ್ತಿಯ ಲೇಸರ್ ಬಳಸಿದರೆ ಸರಿಹೋಗುವುದೇ?

ಉತ್ತರ: ಸರಿಹೋಗುವುದಿಲ್ಲ, ಕಣ್ಣಿಗೆ ಅಪಾಯ ಮಾತ್ರ ಹೆಚ್ಚುತ್ತದೆ. ಬೇರೆ ಬೇರೆ ಉಷ್ಣತೆಯ ಗಾಳಿ ಸದಾ ಕಲಸಿಕೊಳ್ಳುತ್ತಿರುವುದರಿಂದ ಅದರ ವಕ್ರೀಭವನಾಂಕ, ಅಂದರೆ ಬೆಳಕನ್ನು ಬಾಗಿಸುವ ಪ್ರಮಾಣ, ಕ್ಷಣಕ್ಷಣಕ್ಕೂ ಬದಲಾಗುತ್ತದೆ. ನಕ್ಷತ್ರಗಳು ಮಿನುಗುವುದೂ ಇದರಿಂದಲೇ. ಲೇಸರ್ ಬೆಳಕಿನ ಅಲೆಗಳು ಒಂದೇ ಲಯದಲ್ಲಿರುವುದರಿಂದ, ಹೀಗೆ ಅಷ್ಟಿಷ್ಟು ಬಾಗಿ ಬಂದ ಭಾಗಗಳು ಒಂದನ್ನೊಂದು ಕೆಲವೆಡೆ ಹೆಚ್ಚಿಸಿ, ಕೆಲವೆಡೆ ಅಳಿಸಿ, ಗ್ರಾಹಕದ (ಬೆಳಕನ್ನು ಹಿಡಿಯುವ ಉಪಕರಣದ) ಮೇಲೆ ಬೆಳಕು ಕತ್ತಲೆಯ ಕಲೆಗಳು ಓಡಾಡುವಂತೆ ಮಾಡುತ್ತವೆ. ಗ್ರಾಹಕದ ಮಸೂರ ಚಿಕ್ಕದಾಗಿದ್ದರೆ ಕಪ್ಪು ಕಲೆ ಹಾಯ್ದಾಗಲೆಲ್ಲ ಮಾತು ಅಡಗುತ್ತದೆ.

ಇದಕ್ಕೆ ಹವ್ಯಾಸಿಗಳೇ ಕಂಡುಕೊಂಡ ಪರಿಹಾರ ನಿಜಕ್ಕೂ ಮೆಚ್ಚುವಂಥದ್ದು. ಆಸ್ಟ್ರೇಲಿಯದ ಟಾಸ್ಮೇನಿಯಾದಲ್ಲಿ 2005ರಲ್ಲಿ ಹವ್ಯಾಸಿ ರೇಡಿಯೊ ಬಳಗವೊಂದು ಲೇಸರನ್ನು ಬದಿಗಿಟ್ಟು, ಪ್ರಬಲ ಎಲ್‌ಇಡಿಯ ಮುಂದೆ ಅಗಲವಾದ ಪ್ಲಾಸ್ಟಿಕ್ ಫ್ರೆನೆಲ್ ಮಸೂರವನ್ನು (ಮೈಮೇಲೆ ಉಂಗುರದಂಥ ಗೀರುಗಳಿರುವ ಚಪ್ಪಟೆ ಮಸೂರ) ಇರಿಸಿ, ಬೆಟ್ಟದಿಂದ ಬೆಟ್ಟಕ್ಕೆ 160 ಕಿಲೋಮೀಟರಿಗೂ ಹೆಚ್ಚು ದೂರ ಧ್ವನಿ ಕಳಿಸಿತು. ಅಮೆರಿಕದ ಯೂಟಾದಲ್ಲಿ 2007ರಲ್ಲಿ ಇದೇ ಬಗೆಯ ಉಪಕರಣದಿಂದ ಸುಮಾರು 278 ಕಿಲೋಮೀಟರ್ ಸಾಧ್ಯವಾಯಿತು. ಎಲ್‌ಇಡಿ ಬೆಳಕಿನ ಅಲೆಗಳಲ್ಲಿ ಲೇಸರಿನಂಥ ಲಯವಿಲ್ಲ. ಜೊತೆಗೆ ಗ್ರಾಹಕದ ಅಗಲ ಮಸೂರವು ಮೇಲೆ ಬಿದ್ದ ಏರಿಳಿತಗಳನ್ನೆಲ್ಲ ಒಟ್ಟುಗೂಡಿಸಿ ಸರಾಸರಿಗೆ ತರುತ್ತದೆ.

ನೀವು ಮೊದಲು ಗ್ರಾಹಕವನ್ನು ಬದಲಿಸಿ. ಪುಸ್ತಕದ ಪುಟ ಹಿಗ್ಗಿಸಿ ಓದಲು ಬಳಸುವ ಚಪ್ಪಟೆ ಪ್ಲಾಸ್ಟಿಕ್ ಮಸೂರವೂ ಫ್ರೆನೆಲ್ ಮಸೂರವೇ. ಅದರ ನಾಭಿಯಲ್ಲಿ, ಅಂದರೆ ಬೆಳಕು ಒಂದೆಡೆ ಸೇರುವ ಬಿಂದುವಿನಲ್ಲಿ, ಫೋಟೊಡಯೋಡ್ (ಬೆಳಕನ್ನು ವಿದ್ಯುತ್ತಾಗಿಸುವ ಬಿಡಿಭಾಗ) ಇಟ್ಟು, ನೆಲದ ಬಿಸಿ ತಣಿದ ಮೇಲೆ, ಎತ್ತರದ ಜಾಗದಿಂದ, ರಸ್ತೆ ಮತ್ತು ಮನೆಗಳಿಗೆ ಕಿರಣ ತಾಗದಂತೆ ಪ್ರಯತ್ನಿಸಿ.