ಹಳೇ 1210 ಲಾರಿಯ ಡೀಸೆಲ್ ಟ್ಯಾಂಕಿಗೆ ಯಾವ ರಬ್ಬರ್ ಹಾಕಬಹುದು?

ಸಾರ್, ನೀವು ಹಾಕಿದ ಫೋಟೋ ನೋಡಿದೆ. ನಿಮ್ಮ ಟಾಟಾ 1210ರ ಟ್ಯಾಂಕ್ ಬ್ರಾಕೆಟ್‌ನಲ್ಲಿ ರಬ್ಬರ್ ಅನ್ನುವುದೇ ಉಳಿದಿಲ್ಲ. ಗ್ಯಾರೇಜಿನವರು ಗೋಣಿತಟ್ಟು ಮಡಚಿ ತುರುಕಿದ್ದಾರೆ. ಹಳೇ ಅಳತೆಯ ರಬ್ಬರ್ ಅಂಗಡಿಯಲ್ಲಿ ಸಿಗುತ್ತಿಲ್ಲ, ಬದಲಿಗೆ ಏನು ಹಾಕಲಿ ಎಂದು ಕೇಳಿದ್ದೀರಿ. ಮೊದಲು ಆ ಗೋಣಿ ತೆಗೆದುಬಿಡಿ. ಮಳೆಗಾಲದವರೆಗೆ ಕಾಯಬೇಡಿ.

ಗೋಣಿ, ಹಳೇ ಕಾರ್ಪೆಟ್, ಹತ್ತಿ ಬಟ್ಟೆ, ಚರ್ಮ ಇವೆಲ್ಲ ನೀರು ಕುಡಿದು ಹಿಡಿದಿಟ್ಟುಕೊಳ್ಳುತ್ತವೆ. ಮಳೆ ನಿಂತು ಎಷ್ಟೋ ದಿನ ಆದಮೇಲೂ ಒಳಗಡೆ ತೇವ ಇರುತ್ತದೆ. ಟ್ಯಾಂಕ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಟ್ಯಾಂಕನ್ನು ಬ್ರಾಕೆಟ್‌ಗೆ ಬಿಗಿದು ಹಿಡಿಯುವ ಕಬ್ಬಿಣದ ಪಟ್ಟಿಯ ಅಡಿಯಲ್ಲಿ ಮಾತ್ರ ತುಕ್ಕು ತಗಡನ್ನು ತಿನ್ನುತ್ತಿರುತ್ತದೆ. ಕರಾವಳಿಯಲ್ಲಿ ಮೀನು ಸಾಗಿಸುವ ಗಾಡಿಗಳಿಗೆ ಉಪ್ಪುನೀರು ಬೇರೆ ಸೇರುತ್ತದೆ, ಅಲ್ಲಿ ಇನ್ನೂ ಬೇಗ ಹಾಳು. ಬಳ್ಳಾರಿ ಕಡೆ ಅದಿರಿನ ಧೂಳು ಬಟ್ಟೆಯೊಳಗೆ ಸೇರಿಕೊಂಡು, ಉಪ್ಪುಕಾಗದದ ಹಾಗೆ ಬಣ್ಣ ಉಜ್ಜಿ ತೆಗೆಯುತ್ತದೆ.

ಮೆತ್ತಗಿದ್ದಷ್ಟೂ ಒಳ್ಳೆಯದು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಅದು ತಪ್ಪು. ಕಬ್ಬಿಣಕ್ಕೆ ಕಬ್ಬಿಣ ತಾಗಬಾರದು, ಟ್ಯಾಂಕ್ ಜಾಗದಿಂದ ಅಲುಗಬಾರದು, ನೀರು ನಿಲ್ಲಬಾರದು. ಈ ಮೂರೇ ನಮಗೆ ಬೇಕಾಗಿರುವುದು. ಡೀಸೆಲ್ ಲೀಟರಿಗೆ ಸುಮಾರು 830 ಗ್ರಾಂ ತೂಗುತ್ತದೆ. 150 ಲೀಟರ್ ತುಂಬಿಸಿದರೆ ಡೀಸೆಲ್ಲೇ ಸುಮಾರು 125 ಕೆ.ಜಿ. ಆಯಿತು. ಅಷ್ಟು ಭಾರ ಸ್ಪಂಜಿನ ಮೇಲೋ ಹವಾಯಿ ಚಪ್ಪಲಿ ತುಂಡಿನ ಮೇಲೋ ಕೂತರೆ ಅದು ಬೇಗ ಚಪ್ಪಟೆಯಾಗುತ್ತದೆ, ಪಟ್ಟಿ ಸಡಿಲ ಬೀಳುತ್ತದೆ, ಗುಂಡಿ ರಸ್ತೆಯಲ್ಲಿ ಟ್ಯಾಂಕ್ ಕುಣಿಯುತ್ತದೆ. ತೆಳ್ಳಗಿನ ಗಟ್ಟಿ ರಬ್ಬರೇ ಸರಿ. ಪಟ್ಟಿಗೆ 4-5 ಮಿ.ಮೀ., ಕೆಳಗಿನ ಬ್ರಾಕೆಟ್‌ಗೆ 8-10 ಮಿ.ಮೀ. ಸಾಕು.

ನನ್ನ ಮೊದಲ ಆಯ್ಕೆ ಹಳೇ ಹಿಟ್ಟಿನ ಗಿರಣಿಯ ಚಪ್ಪಟೆ ಬೆಲ್ಟ್. ಕ್ಯಾನ್ವಾಸ್ ಪದರಗಳಿಗೆ ರಬ್ಬರ್ ಹಿಡಿಸಿರುತ್ತಾರಲ್ಲ, ಅದು. ಅಗಲ ಹೆಚ್ಚುಕಮ್ಮಿ ಪಟ್ಟಿಗೆ ಸರಿಹೋಗುತ್ತದೆ, ಚೆನ್ನಾಗಿ ಬಾಗುತ್ತದೆ, ಹಿಗ್ಗುವುದಿಲ್ಲ. ಒಂದೇ ಕೊರತೆ, ಕತ್ತರಿಸಿದ ಅಂಚಿನಿಂದ ಕ್ಯಾನ್ವಾಸ್ ನೀರು ಎಳೆಯುತ್ತದೆ. ಅಂಚಿಗೆ ಪಂಕ್ಚರ್ ಸೊಲ್ಯೂಷನ್ ಎರಡು ಸಲ ಬಳಿದು ಒಣಗಿಸಿ.

ಕೆಳಗಿನ ಬ್ರಾಕೆಟ್‌ಗೆ ಜಲ್ಲಿ ಕ್ರಷರ್‌ನ ಹಳೇ ಕನ್ವೇಯರ್ ಬೆಲ್ಟ್ ಬಹಳ ಒಳ್ಳೆಯದು. ಕ್ರಷರ್‌ನವರನ್ನು ಕೇಳಿ, ಹರಿದ ತುಂಡು ಸುಮ್ನೆ ಬಿದ್ದಿರುತ್ತದೆ. ಅದು ಗಡುಸು, ಬ್ರಾಕೆಟ್‌ನ ಮೂಲೆಯಲ್ಲಿ ಬಾಗುವುದಿಲ್ಲ. ಬಲವಂತ ಮಾಡಬೇಡಿ. ಅಡಿಗೆ ಒಂದು ತುಂಡು, ಬೆನ್ನಿಗೆ ಒಂದು ತುಂಡು ಹಾಕಿ ಮೂಲೆಯನ್ನು ಖಾಲಿ ಬಿಡಿ. ನೀರು ಅಲ್ಲಿಂದ ಇಳಿದುಹೋಗುತ್ತದೆ. ಕತ್ತರಿಸುವಾಗ ಚಾಕುವಿಗೆ ಸೋಪಿನ ನೀರು ಹಚ್ಚಿಕೊಂಡರೆ ಸಲೀಸಾಗಿ ಬರುತ್ತದೆ.

ಟೈರ್ ತುಂಡು ಹಾಕುವುದಾದರೆ ನೈಲಾನ್ ಟೈರಿನದೇ ಹಾಕಿ. ರೇಡಿಯಲ್ ಟೈರಿನೊಳಗೆ ಉಕ್ಕಿನ ತಂತಿ ಇರುತ್ತದೆ. ಕತ್ತರಿಸಿದ ಕಡೆ ಅದು ಮುಳ್ಳಿನಂತೆ ಹೊರಬಂದು ಟ್ಯಾಂಕನ್ನೇ ಕೊರೆಯುತ್ತದೆ. ಲಾರಿ ಟ್ಯೂಬ್ ಮೇಲಿನ ಪಟ್ಟಿಗೆ ಒಂದೇ ಪದರ ಆದರೆ ಪರವಾಗಿಲ್ಲ. ಮೂರ್ನಾಲ್ಕು ಮಡಿಕೆ ಮಾಡಿದರೆ ಒಂದರ ಮೇಲೊಂದು ಜಾರುತ್ತದೆ.

ಇನ್ನು ಡೀಸೆಲ್ ವಿಷಯ. ಟ್ಯೂಬ್, ಟೈರ್, ಮಾಮೂಲಿ ಬೆಲ್ಟ್ ಯಾವುದಕ್ಕೂ ಡೀಸೆಲ್ ಆಗಿಬರುವುದಿಲ್ಲ, ಊದಿಕೊಂಡು ಮೆತ್ತಗಾಗುತ್ತದೆ. ತಡೆದುಕೊಳ್ಳುವುದು ನೈಟ್ರೈಲ್ ರಬ್ಬರ್. ಹಾಗಾಗಿ ಡೀಸೆಲ್ ತುಂಬಿಸುವ ಬಾಯಿಯ ಹತ್ತಿರದ ಪಟ್ಟಿಗಾದರೂ ನೈಟ್ರೈಲ್ ಶೀಟ್ ಕೊಂಡು ಹಾಕಿ. ಬೆಂಗಳೂರಿಗೆ ಬಂದಾಗ ಜೆ.ಸಿ. ರೋಡ್ ಕಡೆ ವಿಚಾರಿಸಿ. ಹೆಸರು ಹೇಳಿಯೇ ಕೇಳಬೇಕು, ಬರೀ ರಬ್ಬರ್ ಶೀಟ್ ಅಂದರೆ ಮಾಮೂಲಿಯದನ್ನೇ ಕೊಡುತ್ತಾರೆ. ನಿಮ್ಮ ಹತ್ತಿರ ಇರುವ ತುಂಡು ಹೇಗಿದೆ ಎಂದು ತಿಳಿಯಬೇಕಾದರೆ ಚಿಕ್ಕ ಚೂರು ಕತ್ತರಿಸಿ, ಗಾಜಿನ ಬಾಟಲಿಯಲ್ಲಿ ಡೀಸೆಲ್ ಹಾಕಿ ಎರಡು ದಿನ ಮುಳುಗಿಸಿಡಿ. ದಪ್ಪ ಆದರೆ, ಕೈಗೆ ಅಂಟಿದರೆ, ಆ ಜಾಗಕ್ಕೆ ಬೇಡ. ಚಾಸಿಗೆ ಸುಟ್ಟ ಆಯಿಲ್ ಬಳಿಯುವ ರೂಢಿ ಇದೆ ಅಲ್ವಾ? ಅದೂ ರಬ್ಬರ್‌ಗೆ ತಾಗದಂತೆ ನೋಡಿಕೊಳ್ಳಿ.

ಕೂರಿಸುವ ಮೊದಲು ಡೀಸೆಲ್ ಪೂರ್ತಿ ಇಳಿಸಿ, ಬ್ಯಾಟರಿ ವೈರ್ ಬಿಚ್ಚಿ. ತುಕ್ಕನ್ನು ಕೈ ಬ್ರಷ್‌ನಿಂದಲೇ ಉಜ್ಜಿ, ಗ್ರೈಂಡರ್ ಕಿಡಿ ಬೇಡ. ಮೊದಲು ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಪೇಂಟ್ ಹೊಡೆದು ಚೆನ್ನಾಗಿ ಒಣಗಲು ಬಿಡಿ. ಹಸಿ ಪೇಂಟಿನ ಮೇಲೆ ರಬ್ಬರ್ ಬಿಗಿದರೆ ಪೇಂಟ್ ಅದರ ಜೊತೆಯೇ ಎದ್ದು ಬರುತ್ತದೆ. ಕಬ್ಬಿಣದ ಪಟ್ಟಿಗಿಂತ ರಬ್ಬರ್ ಎರಡೂ ಕಡೆ ಅರ್ಧ ಇಂಚು ಹೆಚ್ಚು ಅಗಲ ಇರಲಿ. ಅಂಟಿಸುವುದಾದರೆ ಪಟ್ಟಿಗೆ ಅಂಟಿಸಿ, ಟ್ಯಾಂಕಿಗೆ ಬೇಡ. ಬ್ರಾಕೆಟ್‌ನಲ್ಲಿ ನೀರು ಇಳಿಯುವ ತೂತು ಇದ್ದರೆ ರಬ್ಬರ್‌ಗೂ ಅದೇ ಜಾಗದಲ್ಲಿ ತೂತು ಹಾಕಿ. ಪಟ್ಟಿ ವೆಲ್ಡಿಂಗ್ ಜೋಡಣೆಯ ಮೇಲೆ ಕೂರಬಾರದು.

ಟ್ಯಾಂಕಿನ ತಗಡು ಒಳಗೆ ಒತ್ತುವಷ್ಟು ಬಿಗಿಯಬೇಡಿ. ಕೈಯಿಂದ ಅಲ್ಲಾಡಿಸಿದರೆ ಟ್ಯಾಂಕ್ ಒಂದೇ ಅಲುಗಬಾರದು, ಗಾಡಿಯೇ ಅಲುಗಿದಂತೆ ಇರಬೇಕು. ಹೊಸ ರಬ್ಬರ್ ಭಾರಕ್ಕೆ ಸ್ವಲ್ಪ ಕೂರುತ್ತದೆ. ಹಾಗಾಗಿ ಫುಲ್ ಟ್ಯಾಂಕ್ ಹಾಕಿಸಿ ಒಂದು ಕೆಟ್ಟ ರಸ್ತೆ ಓಡಿಸಿ ಬಂದಮೇಲೆ ಮತ್ತೆ ಸ್ಪ್ಯಾನರ್ ಹಾಕಿ. ಆಮೇಲೆ ಲಾಕ್ ನಟ್ ಬಿಗಿದು, ನಟ್ ಬೋಲ್ಟ್ ಎರಡರ ಮೇಲೂ ಸೇರಿ ಬಣ್ಣದ ಗೆರೆ ಎಳೆಯಿರಿ. ಸಡಿಲ ಆದರೆ ಗೆರೆ ತಪ್ಪಿರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಡೀಸೆಲ್ ಗೇಜ್ ಮುಳ್ಳು ಏಳದೇ ಹೋಗಬಹುದು. ಗೇಜ್ ಕೆಟ್ಟಿತೆಂದು ಹೊಸದು ತರಬೇಡಿ. ಟ್ಯಾಂಕ್ ಈಗ ರಬ್ಬರ್ ಮತ್ತು ಪೇಂಟ್ ನಡುವೆ ಕೂತಿದೆ, ಚಾಸಿಯಿಂದ ಅದಕ್ಕೆ ಅರ್ತ್ ಸಿಗುತ್ತಿಲ್ಲ. ಟ್ಯಾಂಕಿನಲ್ಲಿ ಡೀಸೆಲ್ ಮಟ್ಟ ಅಳೆಯುವ ಫ್ಲೋಟ್ ಯೂನಿಟ್‌ನ ಒಂದು ಸ್ಕ್ರೂನಿಂದ ಚಾಸಿಗೆ ವೈರ್ ಎಳೆದರೆ ಸರಿಹೋಗುತ್ತದೆ. ಗೇಜ್ ನಡೆದರೂ ಈ ವೈರ್ ಇರಲೇಬೇಕು, ತುಂಬಿಸುವಾಗ ಟ್ಯಾಂಕಿನಲ್ಲಿ ಸ್ಟ್ಯಾಟಿಕ್ ಕರೆಂಟ್ ಸೇರಬಾರದು.

ಗೋಣಿ ತೆಗೆದಾಗ ಪಟ್ಟಿ ಅಡಿ ತೂತು ಕಂಡರೆ ಫೋಟೋ ಹಾಕಿ, ನೋಡೋಣ. ಅಲ್ಲಿಯೇ ವೆಲ್ಡಿಂಗ್ ಮಾತ್ರ ಮಾಡಿಸಬೇಡಿ. ಖಾಲಿ ಟ್ಯಾಂಕಿನಲ್ಲೂ ಡೀಸೆಲ್ ಆವಿ ಇರುತ್ತದೆ. ನಮ್ಮ ದೇಶದ ಡೀಸೆಲ್‌ನ ಆವಿಗೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಶಾಖದಲ್ಲಿ ಬೆಂಕಿ ಹಿಡಿಯಬಾರದು ಎಂದಷ್ಟೇ ನಿಯಮ ಇರುವುದು. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿ ಬಿಸಿಲು ಅದನ್ನು ದಾಟುತ್ತದೆ, ವೆಲ್ಡಿಂಗ್ ಶಾಖ ಎಲ್ಲಿಗೋ ಹೋಗುತ್ತದೆ. ಟ್ಯಾಂಕ್ ಕೆಲಸವನ್ನೇ ಮಾಡುವವರ ಹತ್ತಿರ ಒಯ್ದು, ಒಳಗೆಲ್ಲ ತೊಳೆಸಿ, ಆಮೇಲೆ ರಿಪೇರಿ ಮಾಡಿಸಿ.